ನಾಲ್ಕು ಮಡಿಕೆ ಧೋತ್ರದಲ್ಲಿ ಸೋಸಿದ ನೀರು

ಕೌದಿ ಹೊಲಿಯುವ ಹುಲಿಗೆಮ್ಮ ಮೊನ್ನೆ ನಮ್ಮ ಮನೆಗೆ ಬಂದು, ಟ್ರಂಕಿನ ತಳದಲ್ಲಿದ್ದ ಹಳೆ ಬಟ್ಟೆಗಳನ್ನೆಲ್ಲ ನಡುಮನೆಯಲ್ಲಿ ಹರವಿಕೊಂಡು ಕೂತಿದ್ದಳು. ಕೌದಿಗೆ ಬರುವುದು ಒಂದು ಕಡೆ, ಬಾರದ್ದು ಇನ್ನೊಂದು ಕಡೆ. ಒಂದು ಧೋತ್ರವನ್ನು ಮಾತ್ರ ಯಾವ ಕಡೆಗೂ ಹಾಕದೆ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಅಂಚು ಬಿಳಿ. ನಡುವೆಲ್ಲ ಇಟ್ಟಿಗೆ ಪುಡಿ ಕಲಸಿದಂಥ ಕೆಂಪು. ಆ ಕೆಂಪಿನ ಮಧ್ಯೆ ಅಂಗೈ ಅಗಲದ ಚೌಕದ ತೂತು.

“ಇಲಿ ಕಡದೈತೇನ್ರಿ ಯಕ್ಕಾ?”

“ಇಲಿ ಎಲ್ಲೆರ ಇಷ್ಟು ಚೊಕ್ಕ ಕಡಿತೈತೇನ ಹುಲಿಗೆಮ್ಮಾ? ಕತ್ರಿಲೆ ಕತ್ತರಿಸಿದ್ದು.”

“ಹಂಗಾರ ಆ ತುಂಡು ಎಲ್ಲೈತಿ?”

ನಾನು ಹೇಳುವುದರೊಳಗೆ ಅವಳು ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಧೋತ್ರದ ಒಂದು ಮೂಲೆಯನ್ನು ಬಕೀಟಿಗೆ ಅದ್ದಿದಳು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಏಳುತ್ತದಲ್ಲ, ಆ ಕಬ್ಬಿಣದ ವಾಸನೆ ಎದ್ದಿತು. ಇಷ್ಟು ವರ್ಷವಾದರೂ ಹೋಗಿಲ್ಲ. ಮೂಗಿಗೆ ಅದು ಬಡಿದದ್ದೇ ತಡ, ಹುಲಿಗೆಮ್ಮ ಕೇಳಿದ್ದು ನನಗೆ ಮರೆತೇ ಹೋಯಿತು.

ಅದು ಗಣಿ ಜೋರಾಗಿದ್ದ ಕಾಲ. ಸಂಡೂರಿನ ಕಡೆಯಿಂದ ಇಳಿದ ಅದಿರು ಲಾರಿಗಳು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಹೋಗುತ್ತಿದ್ದವು. ನಮ್ಮ ಮನೆಯವರದು ಗಾದಿಗನೂರಿನ ಹತ್ತಿರ, ರಸ್ತೆ ಬದಿಯಲ್ಲೇ, ಪಂಚರ್ ಅಂಗಡಿ. ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿ ಎಷ್ಟೋ ದಿನ ಗಂಟು ಬಿಚ್ಚದೆ ವಾಪಸು ಬರುತ್ತಿತ್ತು. “ಉಣ್ಣಾಕ ಪುರುಸೊತ್ತು ಎಲ್ಲೈತಲೇ? ಒಂದ್ ಗಾಲಿ ಬಿಚ್ಚೂದ್ರಾಗ ಮೂರ್ ಗಾಡಿ ಬಂದು ನಿಂತಿರ್ತಾವ” ಎನ್ನುತ್ತಿದ್ದರು. ನಮ್ಮ ಚಿತ್ತವಾಡ್ಗಿಯಲ್ಲಿ ಮನೆ ಸಾರಿಸಿ ಬಕೀಟು ಚೆಲ್ಲಿ ಬರುವಷ್ಟರಲ್ಲಿ ನೆಲದ ಮೇಲೆ ಮತ್ತೆ ತೆಳ್ಳಗೆ ಕೆಂಪು. ಹಾಲಿನ ಕೆನೆಯ ಮೇಲೆ ಧೂಳು, ಉಪ್ಪಿನ ಭರಣಿಯ ಮುಚ್ಚಳದ ಮೇಲೆ ಧೂಳು, ಒಣಗಲು ಹಾಕಿದ ಬಿಳಿ ಬಟ್ಟೆ ತಿರುಗಿ ಬಿಳಿ ಆಗುವ ಮಾತೇ ಇಲ್ಲ. ನೀರಿಗಂತೂ ಪ್ರತಿ ಮನೆಯಲ್ಲೂ ಕೊಡದ ಬಾಯಿಗೆ ಬಟ್ಟೆ. ನಮ್ಮತ್ತೆ ಇದ್ದಾಗ, ಧೂಳು ಇರಲಿ ಬಿಡಲಿ, ಸೋಸದ ನೀರು ಒಲೆಗೆ ಏರುತ್ತಿರಲಿಲ್ಲ. ಅತ್ತೆ ಹೋದ ಮೇಲೂ ಆ ಪದ್ಧತಿ ನನ್ನ ಕೈಯಲ್ಲಿ ಉಳಿದಿತ್ತು. ಮನೆಯವರ ಹಳೆ ಧೋತ್ರವನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದೆ.

ವಸುಧಾ ಬಂದದ್ದು ಕಾರಹುಣ್ಣಿಮೆ ಕಳೆದ ವಾರ. ಅಂಕೋಲೆಯ ಕಡೆಯ ಹುಡುಗಿ, ಮೂವತ್ತರ ಆಸುಪಾಸು. ನಮ್ಮ ಮುಂದಿನ ಕೋಣೆ ಬಾಡಿಗೆಗೆ ಕೇಳಿಕೊಂಡು ಬಂದಳು. ಬಟ್ಟೆಯದು ಒಂದು ಚೀಲ, ಖಾಲಿ ಬಾಟಲಿಗಳದು ನಾಲ್ಕು ಪೆಟ್ಟಿಗೆ.

“ಬರ್ರಿ, ಕುಂದ್ರಿ ಮೇಡಂ. ಏನ್ ವ್ಯಾಪಾರಾರಿ ನಿಮ್ದು?” ಎಂದೆ.

“ನೀರಿನ ವ್ಯಾಪಾರ ಅಕ್ಕ” ಎಂದು ನಕ್ಕಳು.

ಪಿಎಚ್‌ಡಿ ಓದು ಎಂದು ಆಮೇಲೆ ತಿಳಿಯಿತು. ಅವರ ಊರ ಕಡೆ ಹೊಳೆ ಸಮುದ್ರಕ್ಕೆ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರಂತೆ. ಅಲ್ಲಿ ಎರಡು ವರ್ಷ ನೀರಿನ ಮೇಲ್ಪದರವನ್ನು ಪರೀಕ್ಷೆ ಮಾಡಿದ್ದಳು. ಈಗ ಸಂಡೂರು ಗುಡ್ಡದ ಕಡೆಯಿಂದ ಕೆಂಪಾಗಿ ಇಳಿಯುವ ಹಳ್ಳವೊಂದು ನಮ್ಮ ಡ್ಯಾಮಿನ ಹಿನ್ನೀರಿಗೆ ಸೇರುವ ಬಾಯಲ್ಲಿ ಅದೇ ಪರೀಕ್ಷೆ ಮಾಡಬೇಕಿತ್ತು. “ಇದೂ ಒಂದು ಅಳಿವೆಯೇ ಅಕ್ಕ, ಕಡಲಿಲ್ಲ ಅಷ್ಟೆ” ಎಂದಳು.

“ನೀರಾಗ ನೋಡೂದು ಏನೈತಿ?”

“ಕಣ್ಣಿಗೆ ಕಾಣದ ಜೀವಿಗಳು ಇರ್ತವೆ. ಅವಕ್ಕೆ ಬಾಯಿಲ್ಲ, ಹಲ್ಲಿಲ್ಲ. ಅದಕ್ಕೇ ಜೀರ್ಣ ಮಾಡೋ ರಸವನ್ನು ಹೊರಗೇ ಬಿಡ್ತವೆ. ಆ ರಸ ನೀರಲ್ಲಿರೋ ಆಹಾರವನ್ನು ಚೂರು ಮಾಡ್ತದೆ, ಆಮೇಲೆ ಇವು ಹೀರ್ಕೊಳ್ತವೆ. ಆ ರಸಕ್ಕೆ ಕಿಣ್ವ ಅಂತಾರೆ. ಕೆಂಪು ಧೂಳು ಬಿದ್ದ ನೀರಲ್ಲಿ ಆ ಕೆಲಸ ನಡೀತದಾ, ನಿಂತು ಹೋಗ್ತದಾ, ಅದು ನನ್ನ ಪ್ರಶ್ನೆ.”

“ಅಂದ್ರ ನಾವು ಹಾಲಿಗೆ ಹೆಪ್ಪು ಹಾಕಿದಂಗ.”

“ಹೂಂ, ಹೆಪ್ಪಲ್ಲಿ ಇರೋರೂ ಇದೇ ಬಳಗ.”

“ಮತ್ತ ಮೊದಲ ಹಂಗ ಹೇಳೂದಲ್ಲೇನ್ರಿ!”

ವಾರಕ್ಕೊಮ್ಮೆ ಮೂರು ಕಡೆಯ ನೀರು ಬರುತ್ತಿತ್ತು. ಹಳ್ಳದ ಬಾಯಿಯದು, ಹಂಪಿಯದು, ಕಂಪ್ಲಿಯದು. ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಗಾಳೆಪ್ಪ ಬೆಳಗಾಗುತ್ತಲೇ ಹಳ್ಳದ ಬಾಯಿಗೆ ಹೋಗಿ, ನೀರಿನ ಮೇಲ್ಮೈಗೆ ಬಾಟಲಿ ಒಡ್ಡಿ ತುಂಬಿಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಡುತ್ತಿದ್ದ. “ಊರಿಗೆ ಊರೇ ಗುಡ್ಡ ಅಗದು ಹೊತ್ಕಂಡ್ ಹೊಂಟೈತಿ. ನಮ್ ಮೇಡಂ ಒಬ್ರ ನೋಡ್ರಿ, ನೀರು ಹೊತ್ಕಂಡ್ ಹೊಂಟಾರ” ಎಂದು ಅಂಗಳದಲ್ಲಿ ನಿಂತೇ ನಗುತ್ತಿದ್ದ.

ಪರೀಕ್ಷೆ ನಡೆಯುತ್ತಿದ್ದದ್ದು ನಮ್ಮ ಬಚ್ಚಲಲ್ಲಿ. ಬಾಟಲಿಯನ್ನು ಹತ್ತು ಸಲ ಅಲ್ಲಾಡಿಸಿ ಸಣ್ಣ ಶೀಶೆಗಳಿಗೆ ನೀರು ಹಾಕಬೇಕು. ಗಾಜಿನ ನಳಿಕೆಯಿಂದ ಬಣ್ಣವಿಲ್ಲದ ಒಂದು ಔಷಧಿ ಬಿಡಬೇಕು. ಕುದಿಸಿ ಆರಿಸಿದ ನೀರಿನದೂ ಒಂದು ಶೀಶೆ ಜೊತೆಗೆ. ಎಲ್ಲವನ್ನೂ ಹೊಳೆಯಷ್ಟೇ ಬೆಚ್ಚಗಿರುವ ನೀರಿನ ಹಂಡೆಯಲ್ಲಿಟ್ಟು, ಬೆಳಕು ಬೀಳದಂತೆ ಗೋಣಿ ಮುಚ್ಚಬೇಕು. ಒಳಗೆ ಕೆಲಸ ನಡೆದಷ್ಟೂ ನೀರು ಹಳದಿಯಾಗುತ್ತದೆ. ಕುದಿಸಿದ್ದು ಮಾತ್ರ ಆಗಬಾರದು, ಅದರಲ್ಲಿ ಯಾರೂ ಬದುಕಿಲ್ಲ. ಹೊತ್ತು ಮುಗಿದ ಮೇಲೆ ಇನ್ನೊಂದು ಔಷಧಿ ಹಾಕಿ ಕೆಲಸ ನಿಲ್ಲಿಸಿ, ಧೂಳು ತಳಕ್ಕೆ ಕೂತಾಗ ಮೇಲಿನ ತಿಳಿಯನ್ನಷ್ಟೇ ಕಿರುಬೆರಳಿನಂಥ ಕೊಳವೆಗೆ ಬಗ್ಗಿಸಿ, ಬಣ್ಣ ಅಳೆಯುವ ಪೆಟ್ಟಿಗೆಗೆ ಇಡುವುದು. ಮಗ್ಗುಲಲ್ಲಿ ನಿಂತು ನೋಡಿ ನೋಡಿ ನನಗೂ ಎಲ್ಲ ಬಾಯಿಪಾಠ ಆಗಿತ್ತು.

“ಈ ಮಳೆಗಾಲ ಒಂದೇ ಅಕ್ಕ ನನಗೆ ಉಳಿದದ್ದು” ಎಂದು ಒಮ್ಮೆ ಶೀಶೆ ಒರೆಸುತ್ತ ಹೇಳಿದಳು. “ಬೇಸಿಗೆಯಲ್ಲಿ ಹಳ್ಳ ಬತ್ತಿರ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ನನ್ನ ಅವಧಿ ಮುಗಿದಿರ್ತದೆ. ಇದು ತಪ್ಪಿದ್ರೆ ಐದು ವರ್ಷ ನೀರಿಗೆ ಹೋಯ್ತು.”

ನಾಲ್ಕು ವಾರ ಸರಿಯಾಗಿಯೇ ನಡೆಯಿತು. ಆಮೇಲೆ ಚಿಕುನ್‌ಗುನ್ಯಾ ಬಂತು. ಆ ವರ್ಷ ಅದು ಬಾರದ ಮನೆಯೇ ನಮ್ಮ ಓಣಿಯಲ್ಲಿ ಇರಲಿಲ್ಲ. ಗಟ್ಟಿ ಆಳುಗಳು ಗೋಡೆ ಹಿಡಿದು ನಡೆಯುತ್ತಿದ್ದರು. ವಸುಧಾಗೆ ಜ್ವರ ನಾಲ್ಕು ದಿನದಲ್ಲಿ ಬಿಟ್ಟರೂ ಕೈಬೆರಳ ಗೆಣ್ಣುಗಳು ಬಾತು ಬಾಳೆಕಾಯಿಯಾದವು. ಚಾದ ಲೋಟ ಹಿಡಿಯಲು ಎರಡೂ ಅಂಗೈ ಬೇಕಾಗುತ್ತಿತ್ತು. ಇನ್ನು ನಳಿಕೆ ಹಿಡಿಯುವುದೆಲ್ಲಿ?

ಗಾಳೆಪ್ಪ ಬಾಟಲಿ ತಂದಿಟ್ಟ ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕೂತು ಅಳುವ ಹಾಗಾಗಿದ್ದಳು. “ನಾ ಮಾಡ್ತೀನ್ ಬಿಡ್ರಿ. ನೀವು ಕುಂತಲ್ಲಿಂದ ಹೇಳ್ರಿ” ಎಂದೆ. ಮಾಡುವ ಕ್ರಮವನ್ನೆಲ್ಲ ನನ್ನ ಬಾಯಿಂದ ಹತ್ತು ಸಲ ಒಪ್ಪಿಸಿಕೊಂಡೇ ಬಚ್ಚಲಿಗೆ ಬಿಟ್ಟಳು.

ಬಚ್ಚಲು ಹಿಂದೆ, ಅವಳ ಹಾಸಿಗೆ ಮುಂದೆ. ಹಳ್ಳದ ಬಾಯಿಯ ನೀರು ಮಳೆ ಜೋರಾದಂತೆ ರಾಡಿಯಾಗಿತ್ತು. ಅಲ್ಲಾಡಿಸಿ ನಳಿಕೆಗೆ ಎಳೆದರೆ ಉಸುಕು ಸಿಕ್ಕಿಕೊಂಡು ಮೇಲೇರಲಿಲ್ಲ. ಊದಿ ಬಿಡಿಸಿ ಮತ್ತೆ ಎಳೆದೆ, ಮತ್ತೆ ಕಟ್ಟಿಕೊಂಡಿತು. ಗೂಟದ ಮೇಲೆ ಧೋತ್ರ ಇತ್ತು. ನಾಲ್ಕು ಮಡಿಕೆ ಹಾಕಿ, ತೊಳೆದ ತಂಬಿಗೆಯ ಬಾಯಿಗೆ ಒಡ್ಡಿ ಬಗ್ಗಿಸಿದೆ. ತಿಳಿ ನೀರು ಇಳಿಯಿತು, ನಳಿಕೆಗೆ ಸಲೀಸಾಗಿ ಏರಿತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನೇ ಮಾಡಿತು. ಅಕ್ಕಿ ತೊಳೆದು ಅನ್ನಕ್ಕಿಟ್ಟೆ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗೇ, ಸೋಸಿದೆ ಎಂದು ನಾನೂ ಹೇಳಲಿಲ್ಲ. ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಕೊನೆಯ ಕೊಳವೆಯ ತಿಳಿ ಮಾತ್ರ. ಅದು ಸೋಸಿದರೂ ತಿಳಿ, ಸೋಸದಿದ್ದರೂ ತಿಳಿ.

ಮೂರು ವಾರ ಹೀಗೇ ನಡೆಯಿತು. ಹಳ್ಳದ ನೀರು ಹಳದಿಯಾಗುವುದು ನಿಂತೇ ಹೋಯಿತು. ಕುದಿಸಿದ ನೀರಿಗಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೆ. ವಸುಧಾ ಕುಂಟುತ್ತ ಮಾಳಿಗೆ ಹತ್ತಿ ಕಾರವಾರದಲ್ಲಿದ್ದ ತನ್ನ ಗೈಡಿಗೆ ಫೋನು ಮಾಡಿದಳು. ಇಳಿದು ಬಂದಾಗ ಮುಖ ಅರಳಿತ್ತು. “ಸರ್ ಮೊದಲಿಂದಲೂ ಇದನ್ನೇ ಹೇಳ್ತಿದ್ರು ಅಕ್ಕ. ರಾಡಿ ಹೆಚ್ಚಾದಂತೆ ಧೂಳು ಕೆಲಸವನ್ನೇ ಕೊಂದು ಹಾಕ್ತದೆ ಅಂತ. ಖುಷಿಯಾದ್ರು. ಬರೀಲಿಕ್ಕೆ ಶುರು ಮಾಡು ಅಂದ್ರು.” ಅವತ್ತು ನಾನು ಅವಳಿಗೆಂದು ಶ್ಯಾವಿಗೆ ಪಾಯಸ ಮಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆರಳ ಬಾವು ಇಳಿದ ಮೇಲೆ ನಾಲ್ಕನೆಯ ವಾರ ಅವಳೇ ಬಚ್ಚಲಿಗೆ ಇಳಿದಳು. ಗೋಣಿ ತೆಗೆದರೆ ಹಳ್ಳದ ಶೀಶೆ ಅರಿಶಿನ ಕದಡಿದಂತೆ ಗಟ್ಟಿ ಹಳದಿ. ಔಷಧಿ ಕೆಟ್ಟಿದೆ ಎಂದು ಹೊಸದು ಒಡೆದಳು. ಮತ್ತೆ ಹಳದಿ. ಪೆಟ್ಟಿಗೆ ಕೆಟ್ಟಿದೆ ಎಂದು ಬಿಚ್ಚಿ ಒರೆಸಿದಳು. ಔಷಧಿ ಕೆಟ್ಟಿದ್ದರೆ ಕುದಿಸಿದ ಶೀಶೆಯೂ ಹಳದಿಯಾಗಬೇಕಿತ್ತು; ಅದು ಬಿಳಿಯಾಗಿಯೇ ನಿಂತು ಅವಳನ್ನು ಸುಳ್ಳು ಮಾಡುತ್ತಿತ್ತು. “ನನ್ನ ಕೈಯಲ್ಲೇ ಎಂತದೋ ತಪ್ಪಿದೆ ಅಕ್ಕ” ಎಂದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಧೋತ್ರ ತೂಗುತ್ತಿತ್ತು, ನಡುವೆಲ್ಲ ಕೆಂಪು. ಅವಳು ಸೋಸಿರಲಿಲ್ಲ, ನಾನು ಸೋಸಿದ್ದೆ.

ಆಮೇಲಿನ ಎರಡು ದಿನ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹೇಳಿದರೆ ಅವಳ ಮೂರು ವಾರ ಹೋಗುತ್ತದೆ, ಗೈಡಿಗೆ ಹೇಳಿದ ಮಾತೂ ಹೋಗುತ್ತದೆ. ಹೇಳದಿದ್ದರೆ ಅವಳು ಸರಿಯಾಗಿ ಮಾಡಿದ್ದನ್ನೇ ತಪ್ಪೆಂದು ಹೊಡೆದು ಹಾಕುತ್ತಾಳೆ. ಹೊರಗೆ ಲಾರಿಗಳ ಸದ್ದು ನಿಂತರೆ ಸಾಕು ಎನಿಸುತ್ತಿತ್ತು, ನಿಂತರೆ ಇನ್ನೂ ಕಷ್ಟ. ಮನೆಯವರಿಗೆ ಹೇಳಿದೆ. ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ, “ತಪ್ಪು ಗಾಲಿಗೆ ತೇಪೆ ಹಾಕಿದ್ರ ಗಾಡಿ ಮತ್ತ ತಿರುಗಿ ನಮ್ಮ ಅಂಗಡಿಗೇ ಬರ್ತೈತಿ. ಹೇಳಿಬಿಡು” ಎಂದರು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ವಸುಧಾ ಒಲೆಯ ಎದುರು ಬಂದು ಕೂತಳು.

“ಆ ಮೂರು ವಾರ ನಾ ನೀರು ಸೋಸಿದ್ದೆನ್ರಿ.”

“ಎಂತದು?”

“ಹಳ್ಳದ ನೀರು. ನಳಿಗಿ ಕಟ್ಕೊಂತು. ಧೋತ್ರ ನಾಲ್ಕು ಮಡಿಕಿ ಮಾಡಿ ಸೋಸಿದೆ. ತಪ್ಪಂತ ಗೊತ್ತಿದ್ದಿಲ್ರಿ ವಸುಧಾ.”

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಸುಟ್ಟುಹೋಯಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

“ಮೂರು ವಾರ, ಅಕ್ಕ” ಎಂದಳು. ಆಮೇಲೆ ಇನ್ನೊಮ್ಮೆ, ಇನ್ನೂ ಮೆಲ್ಲಗೆ, “ಮೂರು ವಾರ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಮಾಳಿಗೆ ಹತ್ತಿ, ಗುಡ್ಡದ ಕಡೆಗೆ ಮುಖ ಮಾಡಿ ಕೂತಳು. ತಾಟು ಹಾಗೇ ತಣ್ಣಗಾಯಿತು. ಸಂಜೆ ಇಳಿದು ಬಂದು ಬಾಟಲಿಗಳನ್ನು ಪೆಟ್ಟಿಗೆಗೆ ಜೋಡಿಸಿದಳು. ಹೋಗೇ ಬಿಡುತ್ತಾಳೆ ಎಂದುಕೊಂಡೆ.

ಬೆಳಿಗ್ಗೆ ಎದ್ದಾಗ ಪೆಟ್ಟಿಗೆ ಮತ್ತೆ ಬಿಚ್ಚಿತ್ತು. ನಸುಕಿನಲ್ಲೇ ಗಾಳೆಪ್ಪನ ಹರಿಗೋಲಿನಲ್ಲಿ ಹೋಗಿ ಹೊಸ ನೀರು ತಂದಿದ್ದಳು. ಗಾಳೆಪ್ಪ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. “ಹೇಗೆ ಸೋಸಿದ್ರಿ, ತೋರಿಸಿ” ಎಂದಳು. ದನಿ ಇನ್ನೂ ಬಿಗಿಯಾಗಿತ್ತು.

ನಾಲ್ಕು ಮಡಿಕೆ ಹಾಕಿ ಸೋಸಿದೆ. ಅವಳು ಒದ್ದೆ ಧೋತ್ರವನ್ನು ಬಿಡಿಸಿ, ಕೆಂಪು ನಿಂತ ಮೇಲಿನ ಮಡಿಕೆಯ ನಡುವಿನಿಂದ ಒಂದು ಚೌಕವನ್ನು ಕತ್ತರಿಯಿಂದ ಕತ್ತರಿಸಿದಳು. ಕುದಿಸಿ ಆರಿಸಿದ ನೀರಿಗೆ ಆ ಚೌಕ ಹಾಕಿ, ಔಷಧಿ ಬಿಟ್ಟಳು. ಸೋಸಿದ ನೀರು ಒಂದು ಶೀಶೆ, ಸೋಸದ್ದು ಒಂದು, ಬರೀ ಕುದಿಸಿದ್ದು ಒಂದು. ಗೋಣಿ ಮುಚ್ಚಿ ಮೂವರೂ ಕಾದೆವು. ಆ ಹೊತ್ತು ಹೋಗಲೇ ಒಲ್ಲದು. ಗಾಳೆಪ್ಪ ಎರಡು ಸಲ ಚಾ ಕೇಳಿದ.

ಗೋಣಿ ತೆಗೆದಾಗ ಸೋಸಿದ ನೀರು ಬಿಳಚಿಕೊಂಡಿತ್ತು, ಕುದಿಸಿದ್ದೂ ಹಾಗೇ. ಬಟ್ಟೆಯ ಚೂರು ಇದ್ದ ಶೀಶೆ, ಸೋಸದ ನೀರಿನ ಶೀಶೆಯ ಹಾಗೇ, ಗಟ್ಟಿ ಹಳದಿ.

ವಸುಧಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. “ನೀರಲ್ಲಿ ತೇಲ್ತಾ ಇಲ್ಲ ಅಕ್ಕ ಅವು. ಧೂಳಿನ ಕಣಕ್ಕೆ ಅಂಟಿ ಕೂತಿವೆ. ಕೆಲಸ ಎಲ್ಲ ಧೂಳಿನ ಮೇಲೇ ನಡೀತಿದೆ.”

“ಲಾರಿ ಮ್ಯಾಲೆ ಹತ್ತಿ ಕುಂತು ಹೊಂಟಾರ ಅನ್ರಿ” ಎಂದ ಗಾಳೆಪ್ಪ. “ಹಂಗಾರ ಧೂಳು ಚಲೋದು ಆತಲ್ರಿ ಮೇಡಂ? ಕೆಲಸ ಮಸ್ತ್ ನಡದೈತಿ!”

“ಇಲ್ಲ ಗಾಳೆಪ್ಪ. ಈ ಹಳದಿ ಯಾವ ರಸದ್ದು ಗೊತ್ತಾ? ರಂಜಕ ಅಂತ ಒಂದು ಆಹಾರ ಇದೆ, ಅದನ್ನು ಬಿಡಿಸಿಕೊಡೋ ರಸದ್ದು. ಹೊಲಕ್ಕೆ ಹಾಕೋ ಡಿಎಪಿ ಗೊಬ್ಬರದಲ್ಲಿ ಇರ್ತದಲ್ಲ, ಆ ರಂಜಕ. ಅದು ಸಲೀಸಾಗಿ ಸಿಕ್ಕಿದ್ರೆ ಇವು ಈ ರಸ ಬಿಡೋದೇ ಕಮ್ಮಿ. ಕಬ್ಬಿಣದ ಧೂಳು ರಂಜಕವನ್ನು ಬಾಚಿ ಹಿಡ್ಕೊಂಡು ಬಿಟ್ಟುಕೊಡೋದಿಲ್ಲ. ಅದಕ್ಕೆ ಇವು ಬಿಟ್ಟೂಬಿಡದೆ ರಸ ಬಿಡ್ತಿರಬೇಕು ಅಂತ ಕಾಣ್ತದೆ. ಇಷ್ಟೊಂದು ಕೆಲಸ ನಡೀತಿದೆ ಅಂದ್ರೆ ಸುಖವಾಗಿದ್ದಾರೆ ಅಂತಲ್ಲ. ಹಸಿದಿದ್ದಾರೆ ಅಂತ.”

ಗಾಳೆಪ್ಪ ನಗಲಿಲ್ಲ. ನಾನು ಒಳಗೆ ಹೋದೆ. ಹಿಂದಿನ ದಿನ ಗಾದಿಗನೂರಿನಿಂದ ಬಿಚ್ಚದೆ ಬಂದಿದ್ದ ಬುತ್ತಿಯ ಗಂಟು ಕಟ್ಟೆಯ ಮೇಲೆ ಹಾಗೇ ಇತ್ತು. ಅದನ್ನು ಬಿಚ್ಚಿ, ಹೊಸ ರೊಟ್ಟಿ ಇಟ್ಟು, ಅವತ್ತು ನಾನೇ ಆಟೊ ಹಿಡಿದು ಅಂಗಡಿಗೆ ಹೋಗಿ, ಅವರು ಉಂಡು ಮುಗಿಸುವ ತನಕ ಎದುರಿಗೆ ಕೂತು ಬಂದೆ. “ಏನಲೇ, ಪೊಲೀಸ್ರಂಗ ಕುಂತಿ?” ಎಂದರು. ಧೋತ್ರದ ವಿಷಯ ಹೇಳಿದಾಗ, “ನಾ ಏಳನೇತ್ತ ದಾಟ್ಲಿಲ್ಲ, ನನ್ ಧೋತ್ರ ಪಿಎಚ್‌ಡಿ ಮಾಡ್ತು ನೋಡು” ಎಂದು ಲಾರಿಯವರೆದುರಿಗೇ ನಕ್ಕರು.

ಒಂದು ಸಲ ಬಂದ ಹಳದಿ ಸಾಲದು. ಸೋಸಿದ್ದು, ಸೋಸದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಕಡಿಮೆಯೆಂದರೆ ಇನ್ನೂ ಮೂರು ಸಲ ನೋಡಬೇಕಿತ್ತು. ಅದಕ್ಕೆ ಹಳ್ಳ ಕೆಂಪಾಗಿ ಹರಿಯಬೇಕು. ಅಷ್ಟರಲ್ಲಿ ಮಳೆ ಕೈಕೊಟ್ಟಿತು. ಉತ್ತರಿ ಮಳೆ ಒಂದು ಹನಿ ಬೀಳದೆ ಹೋಯಿತು. ವಸುಧಾ ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತುತ್ತಿದ್ದಳು. ಗುಡ್ಡದ ಮೇಲೆ ಮೋಡ ಕಂಡರೆ ಲಾರಿ ಧೂಳು, ಧೂಳು ಎಂದುಕೊಂಡರೆ ಮೋಡ. ನಾನೂ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡುತ್ತಿದ್ದೆ. ಅವಳು ನನ್ನೊಡನೆ ಮಾತು ಬಿಟ್ಟಿರಲಿಲ್ಲ, ಆದರೆ ಮೊದಲಿನಂತೆ ಒಲೆಯ ಮುಂದೆ ಬಂದು ಕೂರುತ್ತಲೂ ಇರಲಿಲ್ಲ.

ಹಸ್ತಿ ಮಳೆ ಹಿಡಿಯಿತು. ಹಿಡಿದದ್ದು ಹತ್ತು ದಿನ ಬಿಡಲಿಲ್ಲ. ಡ್ಯಾಮಿನ ಗೇಟು ಎತ್ತಿದರು, ಕಂಪ್ಲಿ ಸೇತುವೆ ಮುಳುಗಿ ಅಲ್ಲಿಯ ನೀರು ತಪ್ಪಿತು. ಹಳ್ಳ ಮಾತ್ರ ಕುಂಕುಮ ಕಲಸಿದಂತೆ ಹರಿಯಿತು. ಮೂರು ಸಲವಲ್ಲ, ಐದು ಸಲ ನೀರು ಬಂತು. ಗಾಳೆಪ್ಪ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು ತಂದುಕೊಟ್ಟ. ನಾನು ಧೋತ್ರದ ತೂತು ತಪ್ಪಿಸಿ ಸೋಸುವುದು, ಅವಳು ಸೋಸದಿರುವುದು. ಒಂದೇ ಬಚ್ಚಲಲ್ಲಿ, ಒಂದೇ ಹಂಡೆಯ ಎರಡು ಮಗ್ಗುಲಲ್ಲಿ. ಐದೂ ಸಲ ಅವಳ ಶೀಶೆ ಹಳದಿಯಾಯಿತು, ನನ್ನದು ಆಗಲಿಲ್ಲ.

ಕೊನೆಯ ದಿನ ಮಾಳಿಗೆಯಿಂದ ಅವಳ ಫೋನಿನ ಮಾತು ಕೇಳಿಸುತ್ತಿತ್ತು. “ಇಲ್ಲ ಸರ್, ನಾನು ಮೊದಲು ಹೇಳಿದ್ದು ತಪ್ಪು. ಹೌದು ಸರ್. ಸೋಸಿಬಿಟ್ಟಿತ್ತು ಸರ್.” ಯಾರು ಸೋಸಿದ್ದು ಎಂದು ಆ ಕಡೆಯಿಂದ ಕೇಳಿರಬೇಕು. “ನಮ್ಮಿಂದಲೇ ಸರ್” ಎಂದಳು. ಇಳಿದು ಬಂದವಳು, ಎಷ್ಟೋ ದಿನದ ಮೇಲೆ, ಒಲೆಯ ಮುಂದೆ ಕೂತು ರೊಟ್ಟಿಗೆ ತಾಟು ಒಡ್ಡಿದಳು. “ಬರೆದು ತಾ, ನೋಡ್ತೇನೆ ಅಂದ್ರು. ಬಯ್ಯಲಿಲ್ಲ.”

ಉಂಡ ಮೇಲೆ ತನ್ನ ದಪ್ಪ ನೋಟ್‌ಬುಕ್ ತಂದಳು. ನನ್ನ ಮೂರು ವಾರದ ಹಾಳೆಗಳನ್ನು ತೆಗೆದಳು.

“ಅವನ್ನ ಹರದು ಒಲಿಗೆ ಹಾಕ್ರಿ. ನೋಡಾಕ ಆಗವಲ್ದು” ಎಂದೆ.

“ನಮ್ಮಲ್ಲಿ ಹಾಳೆ ಹರಿಯೋ ಹಾಗಿಲ್ಲ ಅಕ್ಕ. ಒಂದು ಗೆರೆ ಎಳೆಯೋದು, ಕೆಳಗಿರೋದು ಕಾಣೋ ಹಾಗೆ. ಎಂತಕ್ಕೆ ತಪ್ಪಾಯ್ತು ಅಂತ ಬರೆಯೋದು. ಯಾರು ಮಾಡಿದ್ರೋ ಅವರು ಸಹಿ ಹಾಕೋದು.”

ಸ್ಕೇಲು ಇಟ್ಟು ಗೆರೆ ಎಳೆದಳು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದು ಪೆನ್ನು ನನ್ನ ಕೈಗೆ ಕೊಟ್ಟಳು. ರೇಷನ್ ಕಾರ್ಡಿಗೆ ಬಿಟ್ಟರೆ ನಾನು ಎಲ್ಲಿಯೂ ಸಹಿ ಹಾಕಿದವಳಲ್ಲ. ಇಂಗ್ಲಿಷು ಓದಲು ಬಾರದೆಂದು ಅದರ ಕೆಳಗೆ ಕನ್ನಡದಲ್ಲಿ ನಾನೇ ಬರೆದೆ: ‘ನೀರು ಸೋಸಿದ್ದು ನಾನು. ಗಿರಿಜಮ್ಮ, ಚಿತ್ತವಾಡ್ಗಿ.’ ಅವಳು ಅದನ್ನು ಓದಿ, ಒಣಗಿಸಿ ಇಟ್ಟಿದ್ದ ಬಟ್ಟೆಯ ಚೌಕವನ್ನು ಗೋಂದು ಹಚ್ಚಿ ನನ್ನ ಹೆಸರಿನ ಪಕ್ಕದಲ್ಲಿ ಅಂಟಿಸಿದಳು. ಆರುವ ತನಕ ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು. ಬೆರಳ ಗೆಣ್ಣುಗಳು ಆಗಲೂ ಸ್ವಲ್ಪ ದಪ್ಪಗೇ ಇದ್ದವು.

ಎರಡು ವರ್ಷದ ಮೇಲೆ ಪಿಎಚ್‌ಡಿ ಸಿಕ್ಕಿತೆಂದು ಫೋನು ಮಾಡಿದ್ದಳು. ಆಮೇಲೆ ಗಣಿ ನಿಂತಿತು, ಲಾರಿ ನಿಂತವು, ನಮ್ಮವರ ಅಂಗಡಿಯೂ ಊರೊಳಗೆ ಬಂತು. ಈಗ ಮಧ್ಯಾಹ್ನ ಮನೆಗೇ ಬಂದು ಉಣ್ಣುತ್ತಾರೆ.

“ಯಕ್ಕಾ, ಕೇಳ್ದೆ ನಾನು” ಎಂದಳು ಹುಲಿಗೆಮ್ಮ, ಒದ್ದೆ ಮೂಲೆಯನ್ನು ಹಿಂಡುತ್ತ. “ಈ ತುಂಡು ಎಲ್ಲೈತಿ? ಇದ್ರ ಕೊಡ್ರಿ, ಕೂಡಿಸಿ ಹೊಲಿತೀನಿ.”

“ಅದು ಕಾರವಾರದಾಗ ಐತಿ. ಸಹಿ ಮಾಡಿ ಕೊಟ್ಟೀನಿ, ತಿರುಗಿ ಬರಂಗಿಲ್ಲ” ಎಂದೆ.